ಶೇಕಡಾ ಹದಿನಾಲ್ಕು, ಹೊತ್ತು ಮುಳುಗಲು ಒಂದು ಗಂಟೆ

ವಿದ್ಯುತ್ ಕಾರು ಕೊಂಡ ಮೇಲೆ ನನಗೆ ಹಸಿವು ಕೂಡ ಶೇಕಡಾ ಲೆಕ್ಕದಲ್ಲಿಯೇ ಆಗುತ್ತದೆ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಯಾರ ಮನೆಗೆ ಹೋದರೂ ಕಣ್ಣು ಮೊದಲು ಗೋಡೆಯ ಪ್ಲಗ್ಗಿಗೆ ಹೋಗುತ್ತದೆ. ಮಿಜಾರಿನಲ್ಲಿ ಗೆಳೆಯನೊಬ್ಬನ ಗೃಹಪ್ರವೇಶಕ್ಕೆ ಹೋದಾಗ ಅವನು ಇಟಲಿಯ ನೆಲಹಾಸು ತೋರಿಸುತ್ತಿದ್ದ, ನಾನು ಕಾರ್ ಶೆಡ್ಡಿನ ಹದಿನೈದು ಆಂಪಿಯರ್ ಪ್ಲಗ್ಗನ್ನು ಮನಸಾರೆ ಹೊಗಳಿದೆ. ಆಮೇಲೆ ಅವನು ನನ್ನನ್ನು ಊಟಕ್ಕೂ ಒತ್ತಾಯಿಸಲಿಲ್ಲ.

ಈ ಕಾಯಿಲೆ ಇಷ್ಟು ಹೆಚ್ಚಿದ್ದು ಪದ್ಮಾವತಿ ಅತ್ತೆಯನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋಗಿ ಬಂದ ದಿನ. ಅತ್ತೆ ಎಂದರೆ ನನ್ನ ತಂದೆಯ ತಂಗಿ, ವಯಸ್ಸು ಎಪ್ಪತ್ತೆರಡು, ಒಪ್ಪೊತ್ತಿನ ವ್ರತ. ದಿನಕ್ಕೆ ಒಂದೇ ಊಟ, ಅದೂ ಹೊತ್ತು ಮುಳುಗುವ ಮೊದಲು. ಮುಳುಗಿದ ಮೇಲೆ ನೀರೂ ಇಲ್ಲ. ಒಂದು ಬಾಳೆಹಣ್ಣು ತಿಂದು ಎದ್ದರೂ ಅಂದಿನ ಊಟ ಮುಗಿಯಿತು. ಬೆಳಗೊಳದಿಂದ ಹೊರಡುವ ಬೆಳಿಗ್ಗೆ ಬುತ್ತಿ ಕಟ್ಟಿಕೊಳ್ಳುತ್ತೇನೆ ಎಂದಿದ್ದರು. ಬೇಡ ಅತ್ತೆ, ಮೂರು ಗಂಟೆಗೆ ಮೂಡುಬಿದಿರೆಯ ಮನೆಯಲ್ಲಿ ಬಿಸಿ ಅನ್ನ ಉಣ್ಣುವಿರಂತೆ ಎಂದವನು ನಾನು. ಹಾಗೆಂದು ನನಗೆ ಹೇಳಿದ್ದು ಫೋನಿನ ಆ್ಯಪ್.

ಹಾಸನ ದಾಟಿದ ಮೇಲೆ ಸಿಕ್ಕ ಚಾರ್ಜರಿನ ಮುಂದೆ ಮೂರು ಕಾರುಗಳ ಸಾಲಿತ್ತು, ಎರಡೂವರೆ ಗಂಟೆ ಅಲ್ಲೇ ಹೋಯಿತು. ಅಷ್ಟು ಕಾದರೂ ಅರ್ಧ ತುಂಬುವಷ್ಟರಲ್ಲಿ ಯಂತ್ರ ತಾನಾಗಿ ನಿಂತಿತು. ಕೊಟ್ಟಿಗೆಹಾರದಲ್ಲಿ ಹಣ್ಣಿನ ಅಂಗಡಿ ಕಂಡಾಗ ಅತ್ತೆ ಇಲ್ಲೇ ಮುಗಿಸಿಬಿಡಲಾ ಎಂದು ಕೇಳಿದರು. ನಾನು ಮತ್ತೆ ಬಿಸಿ ಅನ್ನದ ಆಸೆ ತೋರಿಸಿದೆ. ಚಾರ್ಮಾಡಿ ಇಳಿಯುವಾಗ ಬ್ಯಾಟರಿ ತಾನಾಗಿ ಮೂರು ಶೇಕಡಾ ತುಂಬಿಕೊಂಡಿತು. ಅದನ್ನು ನಾನೇ ಹೆತ್ತವನ ಹಾಗೆ ಅತ್ತೆಗೆ ವಿವರಿಸಿದೆ. ಅವರು ತಲೆಯಾಡಿಸಿ ಸೂರ್ಯನನ್ನು ನೋಡಿದರು.

ಲಾಯಿಲಕ್ಕೆ ಬಂದಾಗ ಹದಿನಾಲ್ಕು ಶೇಕಡಾ ಉಳಿದಿತ್ತು. ಮನೆಗೆ ಇನ್ನೂ ನಲವತ್ತು ಕಿಲೋಮೀಟರ್, ಕಾರು ಮೂವತ್ತರ ಮಾತಾಡುತ್ತಿತ್ತು. ಅಲ್ಲೊಂದು ಚಾರ್ಜರ್ ಉಂಟೆಂದು ಆ್ಯಪ್ ಹೇಳಿತು, ಪಕ್ಕದ ಅಂಗಡಿಯವರೂ ಉಂಟು ಉಂಟು ಎಂದರು. ಇತ್ತು, ದೀಪವೂ ಉರಿಯುತ್ತಿತ್ತು, ಕರೆಂಟು ಮಾತ್ರ ಬರಲಿಲ್ಲ. ನಮ್ಮ ಜೈನರಲ್ಲಿ ಸ್ಯಾದ್ವಾದ ಎಂಬ ತತ್ವವಿದೆ. ಯಾವುದೇ ವಸ್ತುವನ್ನು ಒಂದು ರೀತಿಯಲ್ಲಿ ಉಂಟು ಎನ್ನಬಹುದು, ಒಂದು ರೀತಿಯಲ್ಲಿ ಇಲ್ಲ ಎನ್ನಬಹುದು, ಉಂಟೂ ಹೌದು ಇಲ್ಲವೂ ಹೌದು ಎನ್ನಬಹುದು, ಹೇಳಲಿಕ್ಕೇ ಬಾರದು ಎನ್ನಬಹುದು, ಹೀಗೆ ಒಟ್ಟು ಏಳು ಬಗೆ. ಬಸದಿಯ ಪಾಠದಲ್ಲಿ ಎರಡು ವರ್ಷ ಕೂತರೂ ತಲೆಗೆ ಹತ್ತದ ಈ ವಿಷಯ ಲಾಯಿಲದಲ್ಲಿ ಹತ್ತು ನಿಮಿಷಕ್ಕೆ ಅರ್ಥವಾಯಿತು. ಸಹಾಯವಾಣಿಗೆ ಫೋನು ಮಾಡಿದರೆ ಅಲ್ಲಿಯ ಹೆಣ್ಣುದನಿ ಯಂತ್ರ ಸರಿಯಾಗಿಯೇ ಇದೆ ಎಂದು ನನ್ನನ್ನು ಸಮಾಧಾನ ಮಾಡಿತು.

ಪುಂಜಾಲಕಟ್ಟೆಯಲ್ಲಿ ಇನ್ನೊಂದಿದೆ ಎಂದು ಆ್ಯಪ್ ಆಸೆ ಹುಟ್ಟಿಸಿತು. ಅಲ್ಲಿಂದ ಸಿದ್ಧಕಟ್ಟೆಯ ಮೇಲೆ ಮನೆಗೆ ಹೋಗುವ ಎಂದು ಎ.ಸಿ. ಆರಿಸಿ, ಗಾಜು ಇಳಿಸಿ, ಉಸಿರನ್ನೂ ಮಿತವಾಗಿ ಬಿಡುತ್ತಾ ಓಡಿಸಿದೆ. ಇಳಿಬಿಸಿಲು ಅತ್ತೆಯ ಮುಖಕ್ಕೇ ಹೊಡೆಯುತ್ತಿತ್ತು. ಅವರು ಸೆರಗನ್ನು ಹಣೆಗೆ ಎಳೆದುಕೊಂಡರು, ಅಷ್ಟೆ. ಗದರಿದ್ದರೆ ನನಗೆ ಹಗುರಾಗುತ್ತಿತ್ತು. ಪುಂಜಾಲಕಟ್ಟೆಯ ಚಾರ್ಜರಿನ ಮೈಗೆ ಗೋಣಿ ಸುತ್ತಿ ಹಗ್ಗ ಬಿಗಿದಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮಾತನ್ನು ಅದುವರೆಗೆ ಎಷ್ಟೋ ಸಲ ಸುಮ್ಮನೆ ಆಡಿದ್ದೆ. ಅಂದು ನಿಜವಾದ ತುತ್ತು, ನಿಜವಾದ ಬಾಯಿ, ನಡುವೆ ನಾನು. ನಾಚಿಕೆಯಿಂದ ಕಾರಿನಿಂದ ಇಳಿಯಲೂ ಮನಸ್ಸಾಗಲಿಲ್ಲ.

ಎದುರಿಗೆ ಇಸ್ಮಾಯಿಲ್ ಬ್ಯಾರಿ ಎಂಬವರ ಹಣ್ಣಿನ ಅಂಗಡಿ. ರಂಜಾನ್ ತಿಂಗಳು, ಗಿರಾಕಿಗಳ ನೂಕುನುಗ್ಗಲು. ನನ್ನ ಮುಖ ನೋಡಿದ್ದೇ ಅವರಿಗೆ ವಿಷಯ ತಿಳಿಯಿತು. ಗೋಣಿ ಕಟ್ಟಿ ಮೂರು ತಿಂಗಳಾಯಿತಂತೆ, ನಾನು ಆ ವಾರದ ನಾಲ್ಕನೆಯವನಂತೆ. ಐಸ್‌ಕ್ರೀಮಿನ ಪೆಟ್ಟಿಗೆಯ ಪ್ಲಗ್ಗು ಕಿತ್ತು ನನ್ನ ಕಾರಿನದನ್ನು ಸಿಕ್ಕಿಸಲು ಅವರೇ ಹೇಳಿದರು. ಗಂಟೆಗೆ ಹತ್ತು ಶೇಕಡಾ. ಮನೆಯ ಅನ್ನದ ಆಸೆ ಅಲ್ಲಿಗೆ ಮುಗಿಯಿತು.

ಅತ್ತೆ ಇಳಿದು ಬಂದು ಹೊತ್ತು ಮುಳುಗುವುದು ಸರಿಯಾಗಿ ಎಷ್ಟಕ್ಕೆ ಎಂದು ಕೇಳಿದರು. ನಾನು ಫೋನು ತೆಗೆಯಲು ಹೋದೆ. ಅತ್ತೆ ಕೈ ಅಡ್ಡ ಹಿಡಿದು ಅಂಗಡಿಯ ಗೋಡೆ ತೋರಿಸಿದರು. ಅಲ್ಲಿ ಮಸೀದಿಯವರು ಹಂಚಿದ ಉಪವಾಸದ ಸಮಯದ ಹಾಳೆ ಅಂಟಿಸಿತ್ತು.

“ಆರು ನಲವತ್ತು. ಅದರಲ್ಲಿ ಒಂದು ನಿಮಿಷ ಹೆಚ್ಚು ಕಡಿಮೆ ಇಲ್ಲ ಅಮ್ಮ, ನಾವು ಕಾಯುವುದು ಅದಕ್ಕೇ” ಎಂದರು ಇಸ್ಮಾಯಿಲ್.

“ಹಾಗಾದರೆ ನಿಮ್ಮದು ಮುಳುಗಿದ ಮೇಲೆ. ನನ್ನದು ಮುಳುಗುವ ಮೊದಲು.”

“ಕೂತುಕೊಳ್ಳಿ. ಇನ್ನು ಮೂವತ್ತೈದು ನಿಮಿಷ ಉಂಟು.”

ಸೂರ್ಯಾಸ್ತಕ್ಕೆ ಎರಡು ಗಳಿಗೆ, ಅಂದರೆ ನಲವತ್ತೆಂಟು ನಿಮಿಷ, ಇರುವಾಗಲೇ ಕೈ ತೊಳೆಯುವುದು ಅತ್ತೆಯ ನಲವತ್ತು ವರ್ಷಗಳ ರೂಢಿ. ಆ ಅಂತರ ಅಂದು ಮೊದಲ ಸಲ ತಪ್ಪಿತು, ತಪ್ಪಿಸಿದವನು ನಾನು. ಆದರೂ ಅವರು ಕೈಕಾಲು ತೊಳೆದು, ಸ್ಟೂಲಿನ ಮೇಲೆ ನೆಟ್ಟಗೆ ಕೂತು, ಎರಡು ನಿಮಿಷ ಕಣ್ಣು ಮುಚ್ಚಿ, ಮನೆಯಲ್ಲಿ ಉಣ್ಣುವಷ್ಟೇ ನಿಧಾನವಾಗಿ ಉಂಡರು. ಎಳನೀರು, ಬಾಳೆಹಣ್ಣು, ಪಪ್ಪಾಯ. ಮುಂಜಾವಿನಿಂದ ಗುಟುಕು ನೀರೂ ಕುಡಿಯದ ಇಸ್ಮಾಯಿಲ್ ಹಣ್ಣು ಹೆಚ್ಚಿ ಹೆಚ್ಚಿ ಮುಂದಿಡುತ್ತಿದ್ದರು. ಇಬ್ಬರೂ ನಡುನಡುವೆ ಗೋಡೆಯ ಗಡಿಯಾರ ನೋಡುತ್ತಿದ್ದರು. ಒಬ್ಬರು ಬೇಗ ಆಗದಿರಲಿ ಎಂದು, ಇನ್ನೊಬ್ಬರು ಆಗಲಿ ಎಂದು ನೋಡಿದರೆಂದು ಬರೆದರೆ ಚಂದ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಅವರಿಬ್ಬರಲ್ಲಿ ಯಾರಿಗೂ ಅವಸರವಿರಲಿಲ್ಲ. ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತಾ, ಒಂಬತ್ತು ಶೇಕಡಾ ಹತ್ತಾಯಿತೇ ಎಂದು ಇಣುಕುತ್ತಿದ್ದವನು ನಾನೊಬ್ಬನೇ.

ಆರು ಮೂವತ್ತೆಂಟಕ್ಕೆ ಅತ್ತೆ ಬಾಯಿ ಮುಕ್ಕಳಿಸಿ ಎದ್ದರು. ಮಸೀದಿಯ ಬಾಂಗ್ ಕೇಳಿಸಿತು, ಇಸ್ಮಾಯಿಲ್ ಖರ್ಜೂರ ಬಾಯಿಗಿಟ್ಟರು. ಆಮೇಲೆ ಅದೇ ತಟ್ಟೆಯಲ್ಲಿ ನಾಲ್ಕು ಖರ್ಜೂರ, ಹಣ್ಣಿನ ಹೋಳು ಹಾಕಿ ನನ್ನ ಕಡೆ ಸರಿಸಿದರು.

ನಾನೂ ಬೆಳಗಿನಿಂದ ತಿಂದಿರಲಿಲ್ಲ. ಅತ್ತೆ ಉಪವಾಸವಿರುವಾಗ ಹೇಗೆ ತಿನ್ನುವುದು? ಈಗಂತೂ ಹೊತ್ತು ಮುಳುಗಿತ್ತು. ಅತ್ತೆಯ ಮುಂದೆ ನಾನು ರಾತ್ರಿ ಊಟ ಬಿಟ್ಟವನು. ಮಂಗಳೂರಿನ ಹೋಟೆಲುಗಳಲ್ಲಿ ಒಂಬತ್ತು ಗಂಟೆಗೆ ಆಗುವ ಸಮಾರಾಧನೆ ಅವರಿಗೆ ತಿಳಿಯದು ಎಂಬುದು ಮೂವತ್ತು ವರ್ಷಗಳ ನನ್ನ ನಂಬಿಕೆ. ಬೇಡ, ಹಸಿವಿಲ್ಲ ಎಂದು ತಟ್ಟೆಯನ್ನು ಹಿಂದೆ ಸರಿಸಿದೆ.

ಅತ್ತೆ ರಸ್ತೆಯ ಕಡೆ ಮುಖ ಮಾಡಿ ಕೂತಿದ್ದರು. ತಿರುಗಲಿಲ್ಲ.

“ತಿನ್ನು ಮಾರಾಯ. ನೀನು ರಾತ್ರಿ ತಿನ್ನುವುದು ನನಗೆ ಯಾವಾಗಲೋ ಗೊತ್ತುಂಟು. ನಾನು ಆ ಕಡೆ ನೋಡ್ತೇನೆ.”