ಗೌರತ್ತೆಯ ಹುತ್ತ

ತೊಂಬತ್ತರ ದಶಕದ ಆ ದಿನಗಳಲ್ಲಿ ಕ್ಯಾತನಹಳ್ಳಿಯ ನಮ್ಮ ಕುಂಬಾರರ ಮನೆಯಲ್ಲಿ ಮಡಕೆ ಸುಡುವ ಆವಿಗೆಗೆ ಬೆಂಕಿ ಬಿದ್ದ ಮೇಲೆ ‘ಒಡೆಯುತ್ತೆ’ ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ಆಡಿದರೆ ಒಡೆದೇ ಒಡೆಯುತ್ತದೆ ಎಂದು ತಾತ ನಂಬಿದ್ದರು. ನಾನೋ ಬಾಯಿಬಡುಕಿ. ಆ ದಿನ ಬಂತೆಂದರೆ ನನಗೆ ದೊಡ್ಡ ಶಿಕ್ಷೆ.

ಗಂಡನ ಮನೆಯಿಂದ ತಿರುಗಿ ಬಂದಿದ್ದ ತಾತನ ಮಗಳು ಗೌರತ್ತೆ, ಮಣ್ಣು ಮುಟ್ಟಿದ ದಿನ ಮಾತ್ರ ಹೊಟ್ಟೆತುಂಬ ಉಣ್ಣುತ್ತಿದ್ದಳು. ಮಡಕೆಯ ಚಕ್ರ, ತಿಗರಿ, ತಿರುಗಿಸುವುದು ಗಂಡಸರ ಕೆಲಸ. ಅವಳು ಕೈಯಲ್ಲೇ ಏನೇನೋ ಮಾಡುತ್ತಿದ್ದಳು. ಆ ಬೇಸಿಗೆಯಲ್ಲಿ ಕಬ್ಬಿನ ಗದ್ದೆಯ ಬದುವಿನ ಹುತ್ತ ನೋಡಿಕೊಂಡು ಬಂದು ಅಂಥದ್ದೇ ಒಂದನ್ನು ಮಾಡಿದಳು. ಅದು ಹುತ್ತವೂ ಅಲ್ಲ, ಮಡಕೆಯೂ ಅಲ್ಲ. ಒಂದು ಕಡೆಗೆ ವಾಲಿತ್ತು, ಮೈತುಂಬ ತೂತು. ನನಗೆ ಅದೆಂದರೆ ಪ್ರಾಣ.

“ಮದ್ವೆ ಮಡ್ಕೆಗಳವೆ. ನಿನ್ನಾಟದಿಂದ ಒಂದು ಕೆಟ್ಟೋದ್ರೂ ಇನ್ ಮಣ್ಣು ಮುಟ್ಟಂಗಿಲ್ಲ ಕಣವ್ವ,” ಎಂದಿದ್ದರು ತಾತ.

ಹಸಿ ಉಳಿದ ಮಣ್ಣು ಬೆಂಕಿಯಲ್ಲಿ ಸಿಡಿದು ಪಕ್ಕದವನ್ನೂ ಒಡೆಯುತ್ತದೆ. ಅದಕ್ಕೇ ತಾತ ಒಂದೊಂದು ಮಡಕೆಯನ್ನೂ ಕೆನ್ನೆಗಿಟ್ಟು ನೋಡುತ್ತಿದ್ದರು. ತಣ್ಣಗಿದ್ದರೆ ಹಸಿ. ಹುತ್ತವನ್ನು ಮಾತ್ರ ನೋಡಲಿಲ್ಲ. “ಮೂಲೇಲಿ ಮಡಗು,” ಎಂದರಷ್ಟೆ. ಕಬ್ಬಿನ ಒಣಸೋಗೆ ಮುಚ್ಚುವಾಗ ನಾನು ಮುದ್ದಿಗೆಂದು ಅದಕ್ಕೆ ಕೆನ್ನೆ ತಾಗಿಸಿದೆ. ತಣ್ಣಗಿತ್ತು. ನಾನು ಬಾಯಿ ತೆಗೆಯುವಷ್ಟರಲ್ಲಿ ತಾತ ಆಚೆ ಬದಿಯಲ್ಲಿ ಬೆಂಕಿ ಇಟ್ಟುಬಿಟ್ಟಿದ್ದರು.

ಇನ್ನು ಹೇಳುವಂತಿಲ್ಲ. ಸೋಗೆಯ ಹೊಗೆಯನ್ನೇ ನೆಪಮಾಡಿಕೊಂಡು ಅಳುತ್ತಾ ಕೂತೆ. ಅಷ್ಟರಲ್ಲಿ ಒಳಗೆ ಢಪ್ಪೆಂದು ಸದ್ದಾಯಿತು. ಗೌರತ್ತೆ ನನ್ನ ಕೈ ಹಿಡಿದುಕೊಂಡಳು.

“ಏನೂ ಅನ್ಬ್ಯಾಡ ಕಣೆ,” ಎಂದಳು. ಹುತ್ತ ಹಸಿ ಎಂದು ಅವಳಿಗೂ ಗೊತ್ತಿತ್ತೇನೋ.

ಮಾರನೆಯ ಬೆಳಿಗ್ಗೆ ಬೂದಿ ಸರಿಸಿದರು. ಹುತ್ತ ಪಕ್ಕೆ ಸೀಳಿಕೊಂಡಿದ್ದರೂ ಇಡಿಯಾಗಿ ಕೂತಿತ್ತು. ಒಡೆದದ್ದು ಆಚೆ ತುದಿಯ ಮದುವೆ ಮಡಕೆ, ತಾತನೇ ಕೆನ್ನೆಗಿಟ್ಟು ನೋಡಿದ್ದು. ತಾತ ಅದರ ಚೂರೊಂದನ್ನು ಕೆನ್ನೆಗೊತ್ತಿಕೊಂಡು ಬಹಳ ಹೊತ್ತು ಕೂತರು.

“ಒಳಗಿನ ಆವಿ ಓಗಕ್ಕೆ ನೀನು ತೂತು ಮಡಗಿದ್ದೆ, ಅದುಕ್ಕೇ ಉಳ್ಕತು,” ಎಂದರು ಗೌರತ್ತೆಗೆ. “ನನ್ ಕೆನ್ನೆಗೆ ಈಗ ಏನೂ ಗೊತ್ತಾಯ್ತಿಲ್ಲ. ಇನ್ಮೇಲೆ ನೀನೇ ನೋಡವ್ವ.”

ಗೌರತ್ತೆಗೆ ಸಂತೋಷವಾಗಬೇಕಿತ್ತು, ಆದರೆ ತಾತನ ಮುಖ ನೋಡಿ ಅಳತೊಡಗಿದಳು. ತಾತ ಸೋತದ್ದನ್ನು ಕಂಡು ನನಗೆ ಹಿಂದಿನ ದಿನಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಈಗ ಆವಿಗೆಯ ಜಾಗದಲ್ಲಿ ಟ್ರಾಕ್ಟರು ನಿಲ್ಲುತ್ತದೆ. ತಾತ ಇಲ್ಲ, ಗೌರತ್ತೆಯೂ ಇಲ್ಲ. ಆ ಹುತ್ತ ನನ್ನ ಮನೆಯಲ್ಲಿದೆ. ನೋಡಿದವರು, “ಅಯ್ಯೋ, ಸೀಳು ಬಿಟ್ಟಿದೆ, ಒಡೆಯುತ್ತೆ,” ಎನ್ನುತ್ತಾರೆ. ಅವರ ಬಾಯಿ ಮುಚ್ಚಿಸಲು ನನ್ನ ಕೈ ಈಗಲೂ ಮೇಲೇಳುತ್ತದೆ. ಆಮೇಲೆ ಅನ್ನಲಿ ಬಿಡು ಎಂದು ಸುಮ್ಮನಾಗುತ್ತೇನೆ. ಹೆದರುವುದಕ್ಕೆ ಈಗ ಬೆಂಕಿಯಲ್ಲಿ ಒಂದು ಕುಡಿಕೆಯೂ ಇಲ್ಲ.