ತುದಿ ಮುಟ್ಟದೆ ಬಂದ ನಿಮ್ಮಮ್ಮ

ಪುಟ್ಟಿ, ಚಿನ್ನು, ನಿಮ್ಮಮ್ಮ ಆಲ್ಪ್ಸ್ ಪರ್ವತ ಹತ್ತಿದ್ದನ್ನು ಜನ ಒಂದು ಥರ ಹೇಳುತ್ತಾರೆ. ನಡೆದದ್ದು ಬೇರೆ. ತಪ್ಪು ನಿಮ್ಮಜ್ಜಿಯಾದ ನನ್ನದು, ಅದಕ್ಕೆ ನಾನೇ ಬರೆಯುತ್ತಿದ್ದೇನೆ.

ಅವಳು ಕೆಲಸ ಮಾಡುವ ಬದನಗುಪ್ಪೆಯ ಕಾರ್ಖಾನೆಯವರು ಅವಳನ್ನು ಹೊಸ ಮಿಷನ್ನಿನ ಕೆಲಸ ಕಲಿಯಲು ಮೂರು ತಿಂಗಳು ಸ್ವಿಟ್ಜರ್ಲೆಂಡಿಗೆ ಕಳಿಸಿದ್ದರು. ನೀವಿಬ್ಬರೂ ಹರದನಹಳ್ಳಿಯಲ್ಲಿ ನನ್ನ ಹತ್ತಿರ ಇದ್ದಿರಿ, ತೀರಾ ಚಿಕ್ಕವರು. ರಜೆಯಲ್ಲಿ ಅಲ್ಲಿಯ ಜೊತೆಗಾರರು ಹಿಮದ ಶಿಖರವೊಂದನ್ನು ಹತ್ತಲು ಹೊರಟರು, ಇವಳೂ ಹೊರಟಳು. ಅದನ್ನು ಫೋನಿನಲ್ಲಿ ಹೇಳುವಾಗ ಪಕ್ಕದ ಮನೆಯ ಅತ್ತಿಗೆ ನನ್ನ ಮಗ್ಗುಲಲ್ಲೇ ಇದ್ದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಎರಡು ದಿನ ಫೋನ್ ಇಲ್ಲ. ನನಗೆ ಅನ್ನ ಇಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಅವಳ ದನಿ ಕೇಳಿತು.

"ಅವ್ವಾ, ತುದಿ ಮುಟ್ನಿಲ್ಲ. ಇನ್ನೊಂದು ಗಂಟೆ ದಾರಿ ಇತ್ತು. ಗಾಳಿ ಜೋರಾಯ್ತು. ಮಕ್ಕಳ ಗ್ಯಾನ ಬಂತು, ತಿರುಗ್ಬುಟ್ಟೆ."

"ಒಳ್ಳೇದಾಯ್ತು ಕಣವ್ವ" ಅಂದೆ. ಕೂತಲ್ಲೇ ಅತ್ತೆ. ದೇವರಿಗೆ ದೀಪ ಹಚ್ಚಿ, ನಿಮಗೆ ಉಣ್ಣಿಸಿ, ನಾನೂ ಹೊಟ್ಟೆ ತುಂಬ ಉಂಡೆ.

ಊರವರಿಗೆ ಮಾತ್ರ ಹೇಳಲಿಲ್ಲ. ನಿಮ್ಮ ತಾತ ಇದ್ದಿದ್ದರೆ ಅವರು ಹೇಳುತ್ತಿದ್ದರು. ಗಂಡಸರು ಕೂತ ಜಗಲಿ ಕಂಡರೆ ಸೆರಗೆಳೆದುಕೊಂಡು ಬೇಗ ದಾಟುವವಳು ನಾನು. ಅತ್ತಿಗೆ ಕೇಳಿದಾಗಲೂ "ಚೆನ್ನಾಗವ್ಳಂತೆ" ಎಂದು ಸುಮ್ಮನಾದೆ; ಅವಳು ತುದಿ ಮುಟ್ಟಿದಳೆಂದೇ ಊರೆಲ್ಲ ತಿಳಿಯಿತು.

ಅವಳು ಬಂದಿಳಿದಾಗ ಬಸ್ ನಿಲ್ಲುವಲ್ಲಿ ಫ್ಲೆಕ್ಸ್ ಕಟ್ಟಿದ್ದರು: ಆಲ್ಪ್ಸ್ ಶಿಖರವೇರಿದ ನಮ್ಮೂರ ವೀರವನಿತೆಗೆ ಇಂದು ಸಂಜೆ ಸನ್ಮಾನ. ಯಾವುದೋ ಬೆಟ್ಟದ ನೆತ್ತಿಯ ಮೇಲೆ ಅವಳ ಮದುವೆ ಫೋಟೊದ ಮುಖ ಅಂಟಿಸಿದ್ದರು. ಅವಳ ಮುಖ ಬಾಡಿತು.

"ಯಾಕವ್ವ ಹೇಳ್ನಿಲ್ಲ? ಸುಳ್ಳಿಗೆ ಹೆಂಗೆ ಶಾಲು ಹೊದಿಸ್ಕಳ್ಲಿ? ನಾನೇ ಬಾಯಿಬಿಟ್ರೆ ಫ್ಲೆಕ್ಸ್ ಕಟ್ಟಿಸ್ದೋರ್ಗೆ ಅವಮಾನ."

ಸಂಜೆ ಶಾಲೆಯ ಮುಂದೆ ಜನ ಸೇರಿದರು. ಹೊದಿಸಲು ಶಾಲು ಬಿಚ್ಚಿದರು. ಅವಳು ನನ್ನ ಕಡೆ ನೋಡಿದಳು. ಹೇಗೆ ಎದ್ದು ನಿಂತೆನೋ ಗೊತ್ತಿಲ್ಲ.

"ಇವ್ಳು ತುದಿಗಂಟ ಓಗಿಲ್ಲ. ಗಾಳಿ ಜಾಸ್ತಿ ಆಗಿ ತಿರುಗ್ಬುಟ್ಲು. ನಂಗೆ ಗೊತ್ತಿತ್ತು, ನಾನೇ ನಿಮ್ಗೆ ಏಳ್ನಿಲ್ಲ. ತಪ್ಪಾಯ್ತು."

ಫ್ಲೆಕ್ಸ್ ಕಟ್ಟಿಸಿದ ಊರ ಯಜಮಾನರೇ ಗಹಗಹಿಸಿ ನಕ್ಕರು.

"ನಾನು ಮಾದಪ್ಪನ ಬೆಟ್ಟಕ್ಕೆ ನಡ್ಕಂಡೇ ಓಯ್ತೀನಿ ಅಂತ ಎದೆ ತಟ್ಕಂಡು, ಬುಡದ ತಾಳಬೆಟ್ಟದಲ್ಲೇ ಬಸ್ ಹತ್ಬುಡೋನು ಕಣಮ್ಮಿ. ನೀನು ಅಷ್ಟು ದೂರ ಹಿಮ ತುಳ್ದು, ಜೀವ ಉಳಿಸ್ಕಂಡು ಬಂದಿದ್ದೀಯಲ್ಲ! ಬಾ ಇತ್ಲಾಗೆ."

ಶಾಲು ಹೊದಿಸಿದರು. ಊರಿಗೆ ಬಂದ ಮೇಲೆ ಅವಳು ನಕ್ಕದ್ದು ಆಗಲೇ. ನನ್ನ ಎದೆಯೂ ಹಗುರವಾಯಿತು.

ಈಗಲೂ ಹೊರಗಿನವರು ಅವಳು ತುದಿ ಮುಟ್ಟಿದಳೆಂದೇ ಹೇಳಿಕೊಳ್ಳುತ್ತಾರೆ. ಇನ್ನೊಂದು ಸಲ ಜನರ ನಡುವೆ ಎದ್ದು ನಿಲ್ಲಲು ನನ್ನಿಂದ ಆಗದು. ಈ ಹಾಳೆಗಳನ್ನು ನೆನೆಯದಂತೆ, ಹರಿಯದಂತೆ ಇಟ್ಟುಕೊಳ್ಳಿ ಮಕ್ಕಳೇ.