ಪಕ್ಕದಿಂದ ಕಾಣದ ಮಾನಿಟರ್

ಅಂಗಡಿಗೆ ಹೋಗಿ ಇರುವುದರಲ್ಲಿ ಕೆಟ್ಟದ್ದನ್ನು ಕೊಡಿ ಎಂದು ಕೇಳುವುದು ಎಷ್ಟು ಕಷ್ಟ ಎಂಬುದು ನನಗೆ ಇತ್ತೀಚೆಗೆ ಗೊತ್ತಾಯಿತು. ಒಳ್ಳೆಯದನ್ನು ಕೇಳಿದವರನ್ನು ಯಾರೂ ಕಾರಣ ಕೇಳುವುದಿಲ್ಲ. ಕೆಟ್ಟದ್ದನ್ನು ಕೇಳಿದರೆ ಇಡೀ ಅಂಗಡಿ ತಿರುಗಿ ನೋಡುತ್ತದೆ.

ನನಗೆ ಬೇಕಾಗಿದ್ದದ್ದು ಒಂದು ಮಾನಿಟರ್. ದಾವಣಗೆರೆಯ ಒಂದು ಕಚೇರಿಗೆ ಬರುವ ವಿಮೆಯ ಅರ್ಜಿಗಳನ್ನು ಚನ್ನಗಿರಿಯ ನಮ್ಮ ಮನೆಯ ಹಾಲಿನಲ್ಲಿ ಕೂತು ತಾಳೆ ನೋಡುವುದು ನನ್ನ ಕೆಲಸ. ಬೆಳಗ್ಗೆಯಿಂದ ಸಂಜೆಯವರೆಗೆ ಹೆಸರು, ವಯಸ್ಸು, ಊರು, ಮತ್ತೆ ಹೆಸರು. ಲ್ಯಾಪ್‌ಟಾಪಿನ ಸಣ್ಣ ತೆರೆಯಲ್ಲಿ ಇವನ್ನು ನೋಡಿ ನೋಡಿ, ಕೊನೆಗೆ ಎದುರು ಸಿಕ್ಕ ಮನುಷ್ಯರನ್ನೂ ನಾನು ಕಣ್ಣು ಕಿರಿದು ಮಾಡಿ ನೋಡತೊಡಗಿದ್ದೆ. ದೊಡ್ಡ ಮಾನಿಟರ್ ಬೇಕು ಎಂದರೆ ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಇದು ಕಾರಣದ ಒಂದು ಭಾಗ.

ಇನ್ನೊಂದು ಭಾಗವನ್ನು ನಿಮಗೆ ಮಾತ್ರ ಹೇಳುತ್ತೇನೆ. ಕೆಲಸ ಮುಗಿದ ಮೇಲೆ ನಾನು ಲಾರಿ ಓಡಿಸುತ್ತೇನೆ. ಕಂಪ್ಯೂಟರಿನಲ್ಲಿ, ಸದ್ದು ಪೂರ್ತಿ ಬಂದ್ ಮಾಡಿ. ಹದಿನಾರು ಚಕ್ರದ ಲಾರಿ, ಯಾವುದೋ ಹಿಮದ ದೇಶ, ಬೆನ್ನ ಹಿಂದೆ ಇಪ್ಪತ್ತು ಟನ್ ಮರದ ದಿಮ್ಮಿ. ನಿಜ ಜೀವನದಲ್ಲಿ ಸ್ಕೂಟಿ ಹತ್ತಿದರೆ ಎರಡೂ ಕಾಲು ನೆಲಕ್ಕೆ ಸವರಿಕೊಂಡೇ ಹೋಗುವ ಜಾತಿ ನನ್ನದು. ಎಂ.ಎ. ಓದಿರುವ, ಮದುವೆ ಮನೆಯಲ್ಲೂ ನಾಲ್ಕು ಮಾತಿಗಿಂತ ಹೆಚ್ಚು ಆಡದ ಹುಡುಗಿ ಸಂಜೆಯಾದರೆ ಲಾರಿ ಡ್ರೈವರ್ ಆಗುತ್ತಾಳೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ನನ್ನದು ಎಂದು ನಾನು ಹೇಳಿಕೊಳ್ಳಬಹುದಾದ ಗುಟ್ಟು ಅದೊಂದೇ. ಅದನ್ನು ಕಳೆದುಕೊಳ್ಳುವ ಮನಸ್ಸಿರಲಿಲ್ಲ.

ಸಣ್ಣ ತೆರೆಯಾಗಿದ್ದಾಗ ಭುಜವೇ ಮರೆಯಾಗಿತ್ತು. ಇಪ್ಪತ್ತನಾಲ್ಕು ಇಂಚನ್ನು ಮರೆಮಾಡಬೇಕಾದರೆ ನಾನು ಕುಸ್ತಿ ಪೈಲ್ವಾನಳಾಗಬೇಕಿತ್ತು. ನೆಟ್ಟಿನ ಡಬ್ಬಿಯೂ ಪ್ಲಗ್ಗೂ ಹಾಲಿನಲ್ಲೇ ಇರುವುದರಿಂದ ಮೇಜನ್ನು ಬೇರೆ ಕೋಣೆಗೆ ಒಯ್ಯುವಂತಿಲ್ಲ. ಪಕ್ಕದಿಂದ ಕಾಣದಂತೆ ಅಂಟಿಸುವ ಒಂದು ಪ್ಲಾಸ್ಟಿಕ್ ಹಾಳೆ ಸಿಗುತ್ತದಂತೆ, ನಿಜ. ಆದರೆ ಅಂಥ ಹಾಳೆ ಅಂಟಿಸಿಕೊಂಡವಳನ್ನು, ಏನು ಮುಚ್ಚಿಡುತ್ತಿದ್ದೀ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ.

ಹಾಗಾಗಿ ಎರಡು ವಾರ ಓದಿದೆ. ಓದಿದ್ದನ್ನೆಲ್ಲ ಪಟ್ಟಿ ಮಾಡಿದೆ, ಪಟ್ಟಿಗೆ ಬಣ್ಣ ಹಚ್ಚಿದೆ. ತಿಳಿದದ್ದು ಇಷ್ಟು: ಎಲ್ಲ ಚಪ್ಪಟೆ ಮಾನಿಟರುಗಳೂ ಒಂದೇ ಅಲ್ಲ. ಕೆಲವನ್ನು ಯಾವ ಮೂಲೆಯಿಂದ ನೋಡಿದರೂ ಬಣ್ಣ ಹಾಗೇ ಇರುತ್ತದೆ. ಇನ್ನು ಕೆಲವು ಹಳೆಯ ಬಗೆಯವು. ಎದುರಿಗೆ ಕೂತವರಿಗೆ ಚೆನ್ನಾಗಿ ಕಾಣುತ್ತವೆ, ಪಕ್ಕಕ್ಕೆ ಸರಿದರೆ ಬಿಳಿಚಿಕೊಳ್ಳುತ್ತವೆ, ಕೆಂಪು ಕಪ್ಪಾಗುತ್ತದೆ. ಬರೆದವರೆಲ್ಲ ಇದನ್ನು ದೋಷ ಎಂದಿದ್ದರು. ನನಗೋ ನಮ್ಮ ಅಜ್ಜಿಯ ಮನೆಯ ಮರದ ಜಾಲಂಧ್ರದ ಕಿಟಕಿ ನೆನಪಾಯಿತು. ಒಳಗೆ ನಿಂತವರಿಗೆ ಬೀದಿಯೆಲ್ಲ ಕಾಣುತ್ತಿತ್ತು, ಬೀದಿಯವರಿಗೆ ಒಳಗಿನದೇನೂ ಕಾಣುತ್ತಿರಲಿಲ್ಲ. ಅದನ್ನು ಕೊರೆದ ಬಡಗಿಯನ್ನು ಯಾರಾದರೂ ದೋಷ ಮಾಡಿದ್ದಾನೆ ಎಂದರೇ? ನನಗೆ ಬೇಕಾದದ್ದು ಆ ದೋಷವೇ.

ಎಲ್ಲ ಸರಿಯಾಗುತ್ತಿತ್ತೇನೋ, ದೊಡ್ಡಮ್ಮ ಜೊತೆಗೆ ಬರದೇ ಇದ್ದಿದ್ದರೆ. ಅಮ್ಮನ ಅಕ್ಕ ಅವರು. ನಮ್ಮ ಪಕ್ಕದ ಮನೆಯಲ್ಲಿ ಮಲಗುತ್ತಾರೆ, ನಮ್ಮ ಹಾಲಿನಲ್ಲಿ ಬದುಕುತ್ತಾರೆ. ಮೂವತ್ತು ವರ್ಷ ಅಡಿಕೆ ಆರಿಸಿದ ಕಣ್ಣು ಅವರದು. ಕೆಂಪನೆಯ ರಾಶಿಯಲ್ಲಿ ಸೇರಿಕೊಂಡ ಒಂದು ಕೆಳದರ್ಜೆಯ ಅಡಿಕೆ, ತಾನು ಯಾರಿಗೂ ಕಾಣುತ್ತಿಲ್ಲ ಎಂದುಕೊಳ್ಳುವಷ್ಟರಲ್ಲಿ ಅವರ ಬೆರಳಿನ ನಡುವೆ ಇರುತ್ತದೆ.

ಬಸ್ ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಸಮೀಉಲ್ಲಾ ಅವರು ಹೊಸ ಬಗೆಯದೊಂದು, ಹಳೆಯ ಬಗೆಯದೊಂದು, ಎರಡು ಮಾನಿಟರ್ ಹಚ್ಚಿ ತೋರಿಸಿದರು. ದೊಡ್ಡಮ್ಮ ಬಾಗಿ ನೋಡಿ, "ಸಾಬ್ರೇ, ಇವನ್ನ ಹೊರಗೆ ತರ್ರಿ" ಎಂದರು.

"ಯಾಕಮ್ಮಾ?"

"ಟ್ಯೂಬ್‌ಲೈಟಿನ ಕೆಳಗೆ ಎಲ್ಲಾ ಅಡಿಕೆನೂ ಕೆಂಪೇ. ಸರಕು ನೋಡಾಕೆ ಬಿಸಿಲು ಬೇಕು."

ನಾನು ನೆಲ ನೋಡಿದೆ. ಸಮೀಉಲ್ಲಾ ಅವರು ಪಾಪ, ಉದ್ದನೆಯ ವೈರ್ ಎಳೆದು ಹೊಸ ಬಗೆಯದನ್ನು ಅಂಗಡಿಯ ಮೆಟ್ಟಿಲ ಮೇಲೆ ಇಟ್ಟರು. ಬಿಸಿಲಿಗೆ ಚಿತ್ರ ಮಾಯವಾಯಿತು. ದೊಡ್ಡಮ್ಮನ ಮುಖ, ಅದರ ಹಿಂದೆ ಹೊನ್ನಾಳಿಗೆ ಹೊರಟ ಒಂದು ಬಸ್ಸು ಅದರಲ್ಲಿ ಕಂಡವು.

"ಇದರಾಗೆ ನಾನೇ ಕಾಣ್ತೀನಲ್ರೀ!"

"ಅದಕ್ಕೇ ಒಳಗಿಡೋದಮ್ಮಾ, ಇದೇನು ಅಡಿಕೆನಾ ಒಣಗಿಸಾಕೆ?"

ಕೊನೆಗೆ ಬಾಗಿಲ ನೆರಳಿಗೆ ರಾಜಿಯಾಯಿತು. ಬರೀ ಬಿಳಿಯ ತೆರೆಯ ಮೇಲೆ ದೊಡ್ಡಮ್ಮ ಬೆರಳಿಟ್ಟರು. ಅಲ್ಲೊಂದು ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆ. ಸಮೀಉಲ್ಲಾ ಅವರು ಬಟ್ಟೆಯಿಂದ ಒರೆಸಿದರು, ಉಗುರಿನಿಂದ ಕೆರೆದರು, ಅದು ಹೋಗಲಿಲ್ಲ. ಇಪ್ಪತ್ತು ಲಕ್ಷ ಚುಕ್ಕೆಗಳಲ್ಲಿ ಬೆಳಗದೆ ಸತ್ತಿದ್ದ ಒಂದೇ ಒಂದನ್ನು ದೊಡ್ಡಮ್ಮ ಆರಿಸಿ ಹಾಕಿದ್ದರು. ಅಂಗಡಿಯವರು ಅದೇ ನಮೂನೆಯ ಇನ್ನೊಂದು ಪೆಟ್ಟಿಗೆ ಒಡೆದರು.

ನಾನು ಮೆಲ್ಲಗೆ ಹಳೆಯ ಬಗೆಯದನ್ನು, ನನ್ನ ದೋಷದ ಮಾನಿಟರನ್ನು ತೋರಿಸಿದೆ. "ನನಗೆ ಅದು ಸಾಕು."

ದೊಡ್ಡಮ್ಮ ಅದರ ಎದುರು ನಿಂತರು, ಎಡಕ್ಕೆ ಸರಿದರು, ಬಲಕ್ಕೆ ಸರಿದರು. "ಎದುರಿಂದ ಕೆಂಪು, ಮಗ್ಗಲಿಂದ ಕಪ್ಪು. ಇಂಥದ್ದನ್ನ ಯಾರಾದ್ರೂ ತಗೊಂತಾರೇನೇ?"

"ನನ್ನ ಕೆಲಸಕ್ಕೆ ಪಕ್ಕದಿಂದ ಕಾಣೋದೇನೂ ಬೇಕಾಗಿಲ್ಲ ದೊಡ್ಡಮ್ಮ."

"ಮೇಡಂ, ಎಲ್ರೂ ಚೆನ್ನಾಗಿ ಕಾಣೋದು ಕೇಳ್ತಾರೆ," ಎಂದರು ಸಮೀಉಲ್ಲಾ, "ನೀವು ಕಾಣದೇ ಇರೋದು ಕೇಳ್ತೀರಲ್ರೀ! ಇದಂತೂ ಗೇಮ್ ಆಡೋರಿಗೂ ಆಗ್ತೈತೆ, ಚಿತ್ರ ನುಣ್ಣಗೆ ಓಡ್ತೈತೆ."

"ನಮ್ಮ ಹುಡುಗಿ ಗೇಮ್ ಗೀಮ್ ಆಡಲ್ಲಪ್ಪ," ಎಂದರು ದೊಡ್ಡಮ್ಮ. ನಾನು, ಅರ್ಜಿಗಳ ಸಾಲು ಮೇಲೆ ಕೆಳಗೆ ಸರಿಯುವಾಗಲೂ ನುಣ್ಣಗಿದ್ದರೆ ಒಳ್ಳೆಯದೇ ಎಂದು ಬಹಳ ಗಂಭೀರವಾಗಿ ಹೇಳಿದೆ. ನಿಜವಾದ ಕಾರಣ ಹೇಳಿದ್ದರೆ ಕೆಟ್ಟದ್ದು ಸಿಗುತ್ತಿತ್ತು, ಗುಟ್ಟು ಹೋಗುತ್ತಿತ್ತು. ಹೇಳದಿದ್ದರಿಂದ ಒಳ್ಳೆಯದೇ ಮನೆಗೆ ಬಂತು. ಒಂದೇ ಸಮಾಧಾನ, ಎರಡು ದಿನ ನೋಡಿ ಒಗ್ಗದಿದ್ದರೆ ಬದಲಾಯಿಸಿ ಕೊಡುತ್ತೇನೆ ಎಂದು ಸಮೀಉಲ್ಲಾ ಅವರು ಹೇಳಿದ್ದರು.

ಮೊದಲ ದಿನ ನಾನು ಲಾರಿ ಮುಟ್ಟಲಿಲ್ಲ. ದಿವಾನದ ಮೇಲಿಂದ, ಅಡುಗೆಮನೆಯ ಬಾಗಿಲಿಂದ, ಹೊಸ್ತಿಲಿಂದ ಎಲ್ಲರಿಗೂ ನನ್ನ ಅರ್ಜಿಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಯಾರದೋ ವಯಸ್ಸನ್ನು ಅಮ್ಮ ಒಲೆಯ ಮುಂದಿನಿಂದಲೇ ಓದಿ, "ಇಷ್ಟು ವಯಸ್ಸಿಗೆ ವಿಮೆ ಕೊಡ್ತಾರೇನೇ?" ಎಂದು ಕೇಳಿದರು. ಎರಡನೆಯ ದಿನ ಬೆಳಗ್ಗೆ ಅಂಗಡಿಗೆ ಫೋನ್ ಮಾಡಿ, ಕಣ್ಣು ನೋಯುತ್ತಿದೆ, ಆ ಹಳೆಯದನ್ನೇ ಕೊಡಿ ಎಂದೆ. ಸಂಜೆ ಕಳಿಸುತ್ತೇನೆ ಎಂದರು.

ಹೋಗುವ ಮಾನಿಟರಿನಲ್ಲಿ ಒಮ್ಮೆಯಾದರೂ ಹಿಮದ ರಸ್ತೆ ನೋಡಬೇಡವೇ? ಮಧ್ಯಾಹ್ನ ಮನೆ ಖಾಲಿಯಾಗಿತ್ತು. ಲಾರಿ ಹೊರಡಿಸಿದೆ. ಅಬ್ಬ, ಏನು ರಸ್ತೆ! ಪೈನ್ ಮರಗಳ ಒಂದೊಂದು ಸೂಜಿಯೂ ಕಾಣುತ್ತಿತ್ತು. ಇಳಿಜಾರಿನ ತಿರುವಿನಲ್ಲಿದ್ದೆ.

"ಬ್ರೇಕ್ ತಡ ಆತು," ಎಂಬ ದನಿ ಹಿಂದಿನಿಂದ ಬಂತು.

ದೊಡ್ಡಮ್ಮ ಬೆಳ್ಳುಳ್ಳಿಯ ಮೊರ ಹಿಡಿದು ನಿಂತಿದ್ದರು. ಲಾರಿ ಹಳ್ಳಕ್ಕೆ ಹೋಗಿ ವಾಲಿತು. ನಾನೂ ಹೆಚ್ಚು ಕಡಿಮೆ ಅದೇ ಸ್ಥಿತಿಯಲ್ಲಿದ್ದೆ.

"ಇದು ಆಟಾನಾ?"

"ಹೂಂ."

"ಯಾವಾಗಿಂದ ಓಡಿಸ್ತಿ?"

"ಎರಡು ವರ್ಷ ಆಯ್ತು."

"ಎರಡು ವರ್ಷಕ್ಕೆ ಇಷ್ಟೇನಾ ಕಲಿತಿದ್ದು?" ಎನ್ನುತ್ತ ದೊಡ್ಡಮ್ಮ ಸ್ಟೂಲು ಎಳೆದು ಪಕ್ಕದಲ್ಲಿ ಕೂತರು. "ಅಡಿಕೆ ಲೋಡಿನ ಮೇಲೆ ಕೂತು ಎಷ್ಟು ಸಲ ಹೋಗೀನಿ ನಾನು. ಎತ್ತು ಮೇಲಕ್ಕೆ. ಎಡಕ್ಕೆ ಜಾಗ ಐತೆ ನೋಡು."

ಎತ್ತಿದೆ. ಹತ್ತು ನಿಮಿಷ ಕಳೆದಿರಬೇಕು, ಬಾಗಿಲಲ್ಲಿ ಎದುರು ಮನೆಯ ಅಡಿಕೆ ವ್ಯಾಪಾರಿ ರುದ್ರಪ್ಪನವರು ನಿಂತಿದ್ದರು. ಅವರಿಗೆ ಗೊತ್ತಾದರೆ ಸಂಜೆಯೊಳಗೆ ಪಕ್ಕದ ಊರು ಕೆರೆಬಿಳಚಿಯವರೆಗೂ ಗೊತ್ತಾದಂತೆ.

"ಏನವ್ವಾ ಇದು, ಲಾರಿ ಓಡ್ತೈತಲ್ಲ?"

ನನ್ನ ಕೈ ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ದೊಡ್ಡಮ್ಮ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ.

"ಆಫೀಸಿಂದು ಕಣಪ್ಪ. ವಿಮೆ ಮಾಡಿಸಿದ ಲಾರಿ ಹೆಂಗೆ ಹೋಗ್ತೈತೆ ಅಂತ ಕಾಯ್ತಾ ಕೂರಬೇಕಂತೆ. ಕಣ್ಣು ಮಿಟುಕಿಸೋ ಹಂಗಿಲ್ಲ ಪಾಪ."

ರುದ್ರಪ್ಪನವರು ನನ್ನನ್ನು ಮೊದಲ ಬಾರಿಗೆ ಗೌರವದಿಂದ ನೋಡಿ, "ಭಾರಿ ಜವಾಬ್ದಾರಿ ಕೆಲಸ" ಎಂದು ಹೇಳಿ, ಸದ್ದಾಗದಂತೆ ಚಪ್ಪಲಿ ಮೆಟ್ಟಿ ಹೋದರು.

ಯಾರೂ ನೋಡದಿದ್ದರೆ ಮಾತ್ರ ಗುಟ್ಟು ಉಳಿಯುತ್ತದೆ ಎಂದು ನಂಬಿ ನಾನು ಎರಡು ವಾರ ಓದಿದ್ದೆ, ಪಟ್ಟಿಗೆ ಬಣ್ಣ ಹಚ್ಚಿದ್ದೆ. ಒಬ್ಬರು ನೋಡಿದ ಮೇಲೆ ಅದು ಇನ್ನಷ್ಟು ಭದ್ರವಾಯಿತು ಎಂಬುದಕ್ಕೆ ಆ ಪಟ್ಟಿಯಲ್ಲಿ ಯಾವ ಅಂಕಣವೂ ಇರಲಿಲ್ಲ.

ಸಂಜೆ ಸಮೀಉಲ್ಲಾ ಅವರ ಫೋನ್ ಬಂತು. "ಮೇಡಂ, ಆ ಹಳೇದು ಆಟೋಕ್ಕೆ ಹಾಕಿಸ್ಲಾ?"

"ಬೇಡ ಬಿಡಿ, ಇದೇ ಇರಲಿ."

"ಕಣ್ಣು ನೋಯ್ತೈತೆ ಅಂದಿದ್ರಲ್ರೀ?"

ಪಕ್ಕದ ಸ್ಟೂಲಿನಿಂದ ದೊಡ್ಡಮ್ಮ ಎದುರಿನ ಸೇತುವೆಯ ಕಡೆ ಕೈ ತೋರಿಸುತ್ತ, ನಿಧಾನ ಎಂದು ಸನ್ನೆ ಮಾಡುತ್ತಿದ್ದರು.

"ಕಣ್ಣು ಸರಿಯಾಯ್ತು," ಎಂದೆ. "ಈಗ ಲಾರಿಗೆ ಒಬ್ಬರು ಕ್ಲೀನರ್ ಸಿಕ್ಕಿದ್ದಾರೆ. ಅವರಿಗೂ ರಸ್ತೆ ಕಾಣಬೇಕಲ್ಲ."